ಮೀನುಗಾರಿಕೆಯ ಸಣ್ಣ ದೋಣಿಗಳ ಬ್ಯಾಟರಿ: ಚಾರ್ಜಿಂಗ್ ಮತ್ತು ಆರೈಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ, ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯಂತಹ ದೊಡ್ಡ ಕೆರೆಗಳಲ್ಲಿ ಹಾಗೂ ಹೆಗ್ಗಡದೇವನಕೋಟೆ ಕಡೆಯ ಜಲಾಶಯಗಳಲ್ಲಿ ಮೀನು ಹಿಡಿಯುವವರಲ್ಲಿ ಅನೇಕರು ಇಂದಿಗೂ ತೆಪ್ಪ ಮತ್ತು ಹುಟ್ಟನ್ನೇ ನಂಬಿದ್ದಾರೆ. ಫೈಬರ್ ದೋಣಿ, ಎಲ್‌ಇಡಿ ದೀಪ, ಮೀನು ಪತ್ತೆ ಮಾಡುವ ಯಂತ್ರ, ಸಣ್ಣ ಎಲೆಕ್ಟ್ರಿಕ್ ಮೋಟಾರ್ ಬಂದ ಕಡೆಗಳಲ್ಲೆಲ್ಲ ಅವುಗಳ ಜೊತೆಗೆ ಬ್ಯಾಟರಿಯೂ ಬಂದಿದೆ. ಬ್ಯಾಟರಿಯ ಹಿಂದೆಯೇ ‘ಎರಡೇ ವರ್ಷಕ್ಕೆ ಕೂತುಹೋಯಿತು’ ಎಂಬ ದೂರೂ ಬಂದಿದೆ. ಇಂತಹ ಬ್ಯಾಟರಿಗಳಲ್ಲಿ ಹೆಚ್ಚಿನವು ಕೆಡುವುದು ನೀರಿನ ಮೇಲೆ ದುಡಿಯುವಾಗ ಅಲ್ಲ, ಅರ್ಧ ಖಾಲಿಯಾಗಿ ದಡದ ಶೆಡ್ಡಿನಲ್ಲಿ ಕೂತಿರುವಾಗ. ಕೆಳಗಿನ ಉತ್ತರಗಳಲ್ಲಿ ಬೇರೆ ರೀತಿ ಹೇಳದ ಕಡೆಗಳಲ್ಲೆಲ್ಲ 12 ವೋಲ್ಟಿನ, ನೀರು ತುಂಬಿಸುವ ಲೆಡ್-ಆಸಿಡ್ ಬ್ಯಾಟರಿಯನ್ನೇ ಗಮನದಲ್ಲಿಟ್ಟುಕೊಳ್ಳಲಾಗಿದೆ.

ಪ್ರಶ್ನೆ: ಮೆರೈನ್ ಬ್ಯಾಟರಿ ಎಂದರೆ ಯಾವುದು? ಹಳೆಯ ಕಾರಿನ ಬ್ಯಾಟರಿಯನ್ನು ಹಾಕಿಕೊಂಡರೆ ಆಗುವುದಿಲ್ಲವೇ?

ಕಾರಿನ ಬ್ಯಾಟರಿಯ ಕೆಲಸ ಎಂಜಿನ್ನನ್ನು ಎಬ್ಬಿಸುವುದು. ಕೆಲವೇ ಸೆಕೆಂಡುಗಳ ಕಾಲ ನೂರಾರು ಆಂಪಿಯರ್ ಕೊಡಬೇಕಾದುದರಿಂದ ಅದರೊಳಗೆ ತೆಳುವಾದ ಪ್ಲೇಟುಗಳನ್ನು ಹೆಚ್ಚಿನ ಸಂಖ್ಯೆಯಲ್ಲಿ ಜೋಡಿಸಿರುತ್ತಾರೆ. ಎಂಜಿನ್ ಎದ್ದ ಮೇಲೆ ಆಲ್ಟರ್ನೇಟರ್ ಅದನ್ನು ಮತ್ತೆ ತುಂಬಿಸುತ್ತದೆ. ದೋಣಿಯಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ದೀಪವಾಗಲಿ ಮೋಟಾರಾಗಲಿ ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಕರೆಂಟು ಎಳೆಯುತ್ತದೆ, ನಡುವೆ ತುಂಬಿಸುವವರು ಯಾರೂ ಇರುವುದಿಲ್ಲ. ಇದಕ್ಕೆ ಆಳವಾಗಿ ಖಾಲಿಯಾಗುವುದನ್ನು ತಡೆದುಕೊಳ್ಳುವ, ದಪ್ಪ ಪ್ಲೇಟುಗಳ ಡೀಪ್ ಸೈಕಲ್ ಬ್ಯಾಟರಿಯೇ ಬೇಕು. ಅಂಗಡಿಯಲ್ಲಿ ಮೆರೈನ್ ಎಂದು ಕರೆಯುವ ಬ್ಯಾಟರಿಗಳಲ್ಲಿ ಎಂಜಿನ್ ಸ್ಟಾರ್ಟ್ ಮಾಡುವುದಕ್ಕೆಂದೇ ಇರುವವು, ಡೀಪ್ ಸೈಕಲ್ ಮತ್ತು ಎರಡೂ ಕೆಲಸಕ್ಕೆ ಒಗ್ಗುವವು ಎಂದು ಮೂರು ಬಗೆಗಳಿವೆ. ಹೆಸರು ನೋಡಿ ಕೊಳ್ಳದೆ ಬಗೆಯನ್ನು ಕೇಳಿ ಕೊಳ್ಳಬೇಕು. ಕಾರಿನ ಬ್ಯಾಟರಿಯಿಂದ ದೀಪ ಉರಿಯುತ್ತದೆ, ಸುಳ್ಳಲ್ಲ. ಆದರೆ ದಿನವೂ ತಳ ಕಾಣುವವರೆಗೆ ಬಳಸಿದರೆ ಅದು ಕೆಲವೇ ತಿಂಗಳುಗಳಲ್ಲಿ ಶಕ್ತಿಗುಂದುತ್ತದೆ.

ಪ್ರಶ್ನೆ: ಮನೆಯ ಇನ್ವರ್ಟರ್‌ನ ಟ್ಯೂಬುಲರ್ ಬ್ಯಾಟರಿಯನ್ನು ದೋಣಿಗೆ ಒಯ್ಯಬಹುದೇ?

ಕರೆಂಟಿನ ಲೆಕ್ಕದಲ್ಲಿ ಟ್ಯೂಬುಲರ್ ಬ್ಯಾಟರಿ ಒಳ್ಳೆಯದೇ. ಆಳವಾಗಿ ಖಾಲಿಯಾಗುವುದನ್ನು ತಡೆದುಕೊಳ್ಳಲೆಂದೇ ಅದನ್ನು ತಯಾರಿಸಿರುತ್ತಾರೆ. ತೊಡಕಿರುವುದು ತೂಕದಲ್ಲಿ ಮತ್ತು ಎತ್ತರದಲ್ಲಿ. ಮನೆಗಳಲ್ಲಿ ಸಾಮಾನ್ಯವಾಗಿರುವ 150 ಆಂಪಿಯರ್-ಗಂಟೆಯ (ಎಷ್ಟು ಆಂಪಿಯರ್ ಅನ್ನು ಎಷ್ಟು ಗಂಟೆ ಕೊಡಬಲ್ಲದು ಎಂಬ ಗುಣಾಕಾರದ ಅಳತೆ) ಟ್ಯೂಬುಲರ್ ಬ್ಯಾಟರಿ 50 ಕಿಲೋಗ್ರಾಂಗೂ ಹೆಚ್ಚು ತೂಗುತ್ತದೆ, ಕಿರಿದಾದ ತಳದ ಮೇಲೆ ಎತ್ತರವಾಗಿ ನಿಲ್ಲುತ್ತದೆ, ದೋಣಿ ಒಂದು ಬದಿಗೆ ವಾಲಿದರೆ ಮುಚ್ಚಳದ ರಂಧ್ರಗಳಿಂದ ಆಸಿಡ್ ಚೆಲ್ಲುತ್ತದೆ. ಅಗಲ ತಳದ ದೊಡ್ಡ ದೋಣಿಯಲ್ಲಿ, ಬಿಗಿಯಾಗಿ ಕಟ್ಟಿದ ಪೆಟ್ಟಿಗೆಯೊಳಗೆ ಬೇಕಾದರೆ ಇಡಬಹುದು. ತೆಪ್ಪಕ್ಕೆ ಖಂಡಿತ ಬೇಡ. ಅದಕ್ಕಿಂತ ಇ-ರಿಕ್ಷಾಗಳಿಗೆ ಬಳಸುವ 12 ವೋಲ್ಟಿನ ಡೀಪ್ ಸೈಕಲ್ ಬ್ಯಾಟರಿ ಅನುಕೂಲ: ಗಿಡ್ಡಗಿರುತ್ತದೆ, ಕುಲುಕಾಟ ತಡೆಯುತ್ತದೆ, ಮೈಸೂರಿನಲ್ಲೂ ಮಂಡ್ಯದಲ್ಲೂ ಸುಲಭವಾಗಿ ಸಿಗುತ್ತದೆ. ಸಮುದ್ರದ ಉಪ್ಪಿನ ಕಾಟವಿಲ್ಲದ ನಮ್ಮ ಸಿಹಿನೀರಿನಲ್ಲಿ ದುಬಾರಿ ಮೆರೈನ್ ಲೇಬಲ್ಲಿಗಾಗಿ ಹೆಚ್ಚು ಹಣ ಕೊಡುವ ಅಗತ್ಯ ಅಷ್ಟಾಗಿ ಇಲ್ಲವೆಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಎಷ್ಟು ಆಂಪಿಯರ್-ಗಂಟೆಯ ಬ್ಯಾಟರಿ ಕೊಳ್ಳಬೇಕು?

ಮೊದಲು ಖರ್ಚನ್ನು ಲೆಕ್ಕ ಹಾಕಬೇಕು. ತಲಾ 10 ವ್ಯಾಟಿನ ಎರಡು ಎಲ್‌ಇಡಿ ದೀಪಗಳು 12 ವೋಲ್ಟಿನಲ್ಲಿ ಸುಮಾರು 1.7 ಆಂಪಿಯರ್ ಎಳೆಯುತ್ತವೆ. ಮೀನು ಪತ್ತೆ ಯಂತ್ರಕ್ಕೆ ಇನ್ನೊಂದು ಅರ್ಧ ಆಂಪಿಯರ್ ಸೇರಿಸಿ, ರಾತ್ರಿ 8 ಗಂಟೆಗಳ ಕೆಲಸವೆಂದುಕೊಂಡರೆ, ಒಟ್ಟು ಸುಮಾರು 18 ಆಂಪಿಯರ್-ಗಂಟೆ ಆಗುತ್ತದೆ. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಅದರ ಆಯಸ್ಸು ಬಹಳ ಹೆಚ್ಚುವುದರಿಂದ ಈ ಸಂಖ್ಯೆಯನ್ನು ಇಮ್ಮಡಿ ಮಾಡಿ, 40 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಆರಿಸಿಕೊಳ್ಳಬಹುದು.

ಎಲೆಕ್ಟ್ರಿಕ್ ಮೋಟಾರ್ ಇದ್ದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಸಣ್ಣ ಟ್ರೋಲಿಂಗ್ ಮೋಟಾರ್ ಪೂರ್ಣ ವೇಗದಲ್ಲಿ ಸುಮಾರು 30 ಆಂಪಿಯರ್, 55 ಪೌಂಡ್ ತಳ್ಳುಬಲದ್ದು ಸುಮಾರು 50 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯ ಮೇಲೆ 100 ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ 20 ಗಂಟೆಗಳ ಲೆಕ್ಕ, ಅಂದರೆ 5 ಆಂಪಿಯರಿನಂತೆ ನಿಧಾನವಾಗಿ ತೆಗೆದರೆ ಮಾತ್ರ ಆ 100 ಸಿಗುತ್ತದೆ. 50 ಆಂಪಿಯರಿನಂತೆ ಎಳೆದರೆ ಅದರಲ್ಲಿ ದೊಡ್ಡ ಪಾಲು ಕೈಗೆ ಬರುವುದೇ ಇಲ್ಲ. ಹಾಗಾಗಿ ‘ನೂರರ ಬ್ಯಾಟರಿ, ಐವತ್ತರ ಮೋಟಾರ್, ಎರಡು ಗಂಟೆ’ ಎಂಬ ಲೆಕ್ಕವನ್ನು ನಂಬಿ ಹಿನ್ನೀರಿನ ಆಚೆ ದಡಕ್ಕೆ ಹೋದವರು ಹುಟ್ಟು ಹಾಕಿಕೊಂಡೇ ಮರಳಬೇಕಾಗುತ್ತದೆ. ಅರ್ಧ ವೇಗದಲ್ಲಿ ಮೋಟಾರಿನ ಖರ್ಚು ಅರ್ಧಕ್ಕಿಂತಲೂ ಬಹಳ ಕಡಿಮೆಯಾಗುವುದರಿಂದ, ಅವಸರವಿಲ್ಲದಾಗ ನಿಧಾನವಾಗಿ ಹೋಗುವುದೇ ದೊಡ್ಡ ಉಳಿತಾಯ. ಮೋಟಾರ್ ಎಷ್ಟೇ ಒಳ್ಳೆಯದಿರಲಿ, ದೋಣಿಯಲ್ಲಿ ಹುಟ್ಟು ಇರಲೇಬೇಕು.

ಪ್ರಶ್ನೆ: ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆ ಎಂದು ತಿಳಿಯುವುದು ಹೇಗೆ?

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಚಾರ್ಜರಿನಿಂದ ತೆಗೆದ ಮೇಲಾಗಲಿ ದೋಣಿಯಿಂದ ಇಳಿಸಿದ ಮೇಲಾಗಲಿ ಬ್ಯಾಟರಿಯನ್ನು ಮೂರ್ನಾಲ್ಕು ಗಂಟೆ ಸುಮ್ಮನೆ ಬಿಟ್ಟು ಅಳೆಯಬೇಕು. ಚಾರ್ಜರ್ ತೆಗೆದ ಕೂಡಲೇ ಅಳೆದರೆ ಮೀಟರ್ ಸುಳ್ಳು ಹೇಳುತ್ತದೆ. ಹೀಗೆ ಅಳೆದಾಗ 12.6 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪೂರ್ತಿ ತುಂಬಿದೆ ಎಂದೂ, 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ, 12.0 ಇದ್ದರೆ ಕಾಲು ಭಾಗ ಉಳಿದಿದೆ ಎಂದೂ ಸುಮಾರಾಗಿ ತಿಳಿಯಬಹುದು. 11.8ಕ್ಕೆ ಇಳಿದರೆ ಖಾಲಿ ಎಂದೇ ಅರ್ಥ. ದೀಪ ಇನ್ನೂ ಉರಿಯುತ್ತಿದೆ ಎಂಬುದು ಯಾವ ಅಳತೆಯೂ ಅಲ್ಲ, ಏಕೆಂದರೆ ಎಲ್‌ಇಡಿ ದೀಪಗಳಲ್ಲಿ ಹಲವು ವೋಲ್ಟೇಜ್ ಬಿದ್ದರೂ ಮಂಕಾಗದೆ ಉರಿದು ಕೊನೆಗೆ ಒಮ್ಮೆಲೇ ಆರುತ್ತವೆ.

ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಒಳಗಿನ ಆಸಿಡ್ ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇನ್ನೂ ನಂಬಿಗಸ್ತ ಸಾಧನ. ಪೂರ್ತಿ ಚಾರ್ಜಾದಾಗ ಇರಬೇಕಾದ ಸಾಂದ್ರತೆ ಬ್ಯಾಟರಿಯ ಬಗೆಯ ಮೇಲೆ 1.240ರಿಂದ 1.280ರವರೆಗೆ ಬದಲಾಗುತ್ತದೆ, ತಯಾರಕರ ಲೇಬಲ್ಲನ್ನು ನೋಡಿಕೊಳ್ಳಬೇಕು. ಆರು ಸೆಲ್‌ಗಳನ್ನೂ ಅಳೆದು ಹೋಲಿಸುವುದು ಮುಖ್ಯ: ಒಂದು ಸೆಲ್ ಮಾತ್ರ ಉಳಿದವಕ್ಕಿಂತ 0.050ರಷ್ಟು ಕಡಿಮೆ ತೋರಿಸಿ, ಚಾರ್ಜ್ ಮಾಡಿದ ಮೇಲೂ ಮೇಲೇಳದಿದ್ದರೆ ಆ ಸೆಲ್ ಹೋಗಿದೆ ಎಂದು ತಿಳಿಯಬೇಕು. ಅಂತಹ ಬ್ಯಾಟರಿಗೆ ಮತ್ತೆ ಹಣ ಸುರಿಯುವುದು ವ್ಯರ್ಥ.

ಪ್ರಶ್ನೆ: ಬೆಳಗಿನ ಜಾವ ದಡಕ್ಕೆ ಬಂದ ಮೇಲೆ ಮೀನನ್ನು ಮಾರುಕಟ್ಟೆಗೆ ಸಾಗಿಸುವ ಗಡಿಬಿಡಿ ಇರುತ್ತದೆ. ಬ್ಯಾಟರಿಯನ್ನು ಎರಡು ದಿನ ಬಿಟ್ಟು ಚಾರ್ಜ್ ಮಾಡಿದರೆ ಏನಾಗುತ್ತದೆ?

ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವ ಸಮಯವಿದ್ದರೆ ಇದನ್ನು ಓದಿ. ಬ್ಯಾಟರಿ ಖಾಲಿಯಾಗುತ್ತಾ ಹೋದಂತೆ ಎರಡೂ ಬಗೆಯ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಆಗತಾನೇ ಕೂತ ಸಲ್ಫೇಟು ನುಣುಪಾದ ಸಣ್ಣ ಕಣಗಳ ರೂಪದಲ್ಲಿರುತ್ತದೆ, ಚಾರ್ಜ್ ಮಾಡಿದರೆ ಸುಲಭವಾಗಿ ಕರಗಿ ಹೋಗುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಕಣಗಳು ಒಂದಕ್ಕೊಂದು ಸೇರಿ ಗಟ್ಟಿ ಹರಳುಗಳಾಗುತ್ತವೆ. ಹರಳಾದ ಭಾಗಕ್ಕೆ ಕರೆಂಟು ಮುಟ್ಟುವುದಿಲ್ಲ, ಅಷ್ಟು ಪ್ಲೇಟು ಶಾಶ್ವತವಾಗಿ ಕೈತಪ್ಪಿದಂತೆಯೇ. ಒಂದು ದಿನ ತಡವಾದರೆ ಬ್ಯಾಟರಿ ಸಾಯುವುದಿಲ್ಲ ನಿಜ, ಆದರೆ ಈ ನಷ್ಟ ದಿನದಿಂದ ದಿನಕ್ಕೆ ಸದ್ದಿಲ್ಲದೆ ಸೇರುತ್ತಾ ಹೋಗಿ, 100 ಆಂಪಿಯರ್-ಗಂಟೆಯ ಬ್ಯಾಟರಿ ಒಂದು ದಿನ 60ರ ಬ್ಯಾಟರಿಯಂತೆ ವರ್ತಿಸತೊಡಗುತ್ತದೆ. ಪೂರ್ತಿ ತುಂಬಿಸದೆ ಮುಕ್ಕಾಲು ಭಾಗಕ್ಕೇ ಚಾರ್ಜರ್ ಕಿತ್ತು ಮತ್ತೆ ಕೆಲಸಕ್ಕೆ ಒಯ್ಯುವ ಅಭ್ಯಾಸವೂ ಇದೇ ಹಾನಿಯನ್ನು ಮಾಡುತ್ತದೆ.

ಆದುದರಿಂದ ಮೀನಿನ ಬುಟ್ಟಿ ಇಳಿಸಿದ ಮೇಲೆ ಮಾಡುವ ಮೊದಲ ಕೆಲಸ ಬ್ಯಾಟರಿಯನ್ನು ಚಾರ್ಜ್‌ಗೆ ಹಾಕುವುದಾಗಬೇಕು, ಅಂದೇ ಹಾಕಬೇಕು. ಮನೆಯಲ್ಲಿ ಇರುವವರು ಯಾರಾದರೂ ಇದನ್ನು ನೋಡಿಕೊಳ್ಳುವ ವ್ಯವಸ್ಥೆ ಮಾಡಿಕೊಂಡರೆ ಒಳ್ಳೆಯದು. ಸಲ್ಫೇಟು ಅಲ್ಪಸ್ವಲ್ಪ ಕೂತಿರುವ ಬ್ಯಾಟರಿಯನ್ನು ಈಕ್ವಲೈಜಿಂಗ್ ಎಂಬ ವಿಧಾನದಿಂದ, ಅಂದರೆ ಪೂರ್ತಿ ಚಾರ್ಜಾದ ಮೇಲೂ ಕಡಿಮೆ ಕರೆಂಟಿನಲ್ಲಿ 15.5 ವೋಲ್ಟ್‌ವರೆಗೆ ಕೆಲವು ಗಂಟೆ ಏರಿಸಿ ಸ್ವಲ್ಪಮಟ್ಟಿಗೆ ಸರಿಪಡಿಸಬಹುದು. ಆದರೆ ಅದು ನೀರು ತುಂಬಿಸುವ ಬ್ಯಾಟರಿಗೆ ಮಾತ್ರ, ತಯಾರಕರು ಒಪ್ಪಿದ್ದರೆ ಮಾತ್ರ, ಪಕ್ಕದಲ್ಲಿ ತಿಳಿದವರು ಇದ್ದಾಗ ಮಾತ್ರ. ಹಳೆಯ ಬ್ಯಾಟರಿಗೆ ಮರುಜೀವ ಕೊಡುತ್ತವೆ ಎಂದು ಮಾರುವ ಪುಡಿ ಮತ್ತು ದ್ರಾವಣಗಳಿಗೆ ಹಣ ಹಾಕಬೇಕಾಗಿಲ್ಲ.

ಪ್ರಶ್ನೆ: ಯಾವ ಚಾರ್ಜರ್ ಕೊಳ್ಳಬೇಕು? ಎಷ್ಟು ಹೊತ್ತು ಚಾರ್ಜ್ ಮಾಡಬೇಕು?

ನೀರು ತುಂಬಿಸುವ ಬ್ಯಾಟರಿಗೆ ಅದರ ಆಂಪಿಯರ್-ಗಂಟೆಯ ಹತ್ತನೇ ಒಂದು ಭಾಗದಷ್ಟು ಕರೆಂಟು ಕೊಡುವ ಚಾರ್ಜರ್ ಸರಿಹೋಗುತ್ತದೆ: 100ರ ಬ್ಯಾಟರಿಗೆ 10 ಆಂಪಿಯರ್. ಮೂರು ಹಂತಗಳಲ್ಲಿ ಕೆಲಸ ಮಾಡುವ ಸ್ವಯಂಚಾಲಿತ ಚಾರ್ಜರನ್ನೇ ಕೊಳ್ಳಿ. ಮೊದಲ ಹಂತದಲ್ಲಿ ಅದು ಪೂರ್ಣ ಕರೆಂಟು ಹರಿಸಿ ವೋಲ್ಟೇಜನ್ನು ಸುಮಾರು 14.4ಕ್ಕೆ ಏರಿಸುತ್ತದೆ, ಎರಡನೆಯದರಲ್ಲಿ ಅಲ್ಲಿಯೇ ನಿಲ್ಲಿಸಿ, ಬ್ಯಾಟರಿ ಹೀರಿಕೊಂಡಂತೆ ಕರೆಂಟನ್ನು ತಗ್ಗಿಸುತ್ತದೆ, ಕೊನೆಗೆ 13.5ರಿಂದ 13.8 ವೋಲ್ಟಿಗೆ ಇಳಿಸಿ ಹಾಗೆಯೇ ಕಾಯ್ದಿಡುತ್ತದೆ. ಕೊನೆಯ ಶೇಕಡಾ 20ರಷ್ಟು ಚಾರ್ಜ್ ತುಂಬಲು ಹಲವು ಗಂಟೆಗಳೇ ಬೇಕಾಗುತ್ತವೆ. ಅರ್ಧ ಖಾಲಿಯಾದ ಬ್ಯಾಟರಿಗೆ 8ರಿಂದ 10 ಗಂಟೆ ಹಿಡಿಯುತ್ತದೆ ಎಂದುಕೊಂಡು ಯೋಜನೆ ಮಾಡಬೇಕು.

ವೋಲ್ಟೇಜ್ ನಿಯಂತ್ರಣವಿಲ್ಲದ ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರ್‌ಗಳು ಇನ್ನೂ ಕೆಲವು ಕಡೆ ಬಳಕೆಯಲ್ಲಿವೆ. ಅವುಗಳನ್ನು ಬಳಸುವವರು ಮೀಟರ್ ಹಿಡಿದು ನೋಡುತ್ತಿರಬೇಕೇ ಹೊರತು ರಾತ್ರಿ ಹಾಕಿ ಮಲಗಬಾರದು. ಎಸ್‌ಎಂಎಫ್ ಅಥವಾ ಜೆಲ್ ಎಂದು ಬರೆದಿರುವ ಮುಚ್ಚಿದ ಬ್ಯಾಟರಿಗಳನ್ನು ಇಂತಹ ಚಾರ್ಜರಿಗೆ ಹಾಕಲೇಬಾರದು, ಏಕೆಂದರೆ ಹೆಚ್ಚು ವೋಲ್ಟೇಜಿಗೆ ಒಳಗಿನ ನೀರು ಅನಿಲವಾಗಿ ಹೊರಹೋದರೆ ಅದನ್ನು ಮತ್ತೆ ತುಂಬಿಸುವ ದಾರಿಯೇ ಇಲ್ಲ.

ಪ್ರಶ್ನೆ: ನಮ್ಮ ತೋಟದ ಪಂಪ್‌ಸೆಟ್ ಮನೆ ದಡಕ್ಕೆ ಹತ್ತಿರವಿದೆ. ಅಲ್ಲಿಯೇ ಚಾರ್ಜ್ ಮಾಡಬಹುದೇ?

ಮಾಡಬಹುದು, ಆದರೆ ಪಂಪ್‌ಸೆಟ್ ಲೈನಿನಲ್ಲಿ ಕರೆಂಟು ಪಾಳಿಯಂತೆ ಬರುತ್ತದೆ, ಮೋಟಾರ್ ಹೊರಳಿದಾಗ ವೋಲ್ಟೇಜ್ ಏರಿಳಿಯುತ್ತದೆ. ಕರೆಂಟು ಹೋಗಿ ಬಂದಾಗ ತಾನಾಗಿ ಮತ್ತೆ ಶುರುವಾಗುವ ಚಾರ್ಜರ್ ಇರಬೇಕು. ಕೆಲವು ಚಾರ್ಜರ್‌ಗಳಲ್ಲಿ ಪ್ರತಿ ಸಲವೂ ಗುಂಡಿ ಒತ್ತಬೇಕಾಗುತ್ತದೆ, ಕೊಳ್ಳುವ ಮುನ್ನ ಇದನ್ನು ಕೇಳಿ ತಿಳಿಯಿರಿ. ಅರ್ತಿಂಗ್ ಸರಿಯಾಗಿರಲಿ. ಒದ್ದೆ ಕೈ, ಒದ್ದೆ ಬಲೆ, ಮಣ್ಣು ನೆಲ ಎಲ್ಲವೂ ಒಟ್ಟಿಗೆ ಇರುವ ಜಾಗವಾದುದರಿಂದ ಸೋರಿಕೆ ಕರೆಂಟನ್ನು ಕಡಿತಗೊಳಿಸುವ ಆರ್‌ಸಿಸಿಬಿ ಸ್ವಿಚ್ಚನ್ನು ಹಾಕಿಸಿಕೊಳ್ಳುವುದನ್ನು ಖರ್ಚೆಂದು ಎಣಿಸಬಾರದು.

ಪ್ರಶ್ನೆ: ಬೇಸಿಗೆಯಲ್ಲಿ ಏನಾದರೂ ಬದಲಾವಣೆ ಬೇಕೇ?

ಬೇಕು. ಮೇಲೆ ಹೇಳಿದ ವೋಲ್ಟೇಜುಗಳೆಲ್ಲ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೇಳುವ ಅಂಕಿಗಳು. ಏಪ್ರಿಲ್ ತಿಂಗಳಿನಲ್ಲಿ ಮಂಡ್ಯದ ತಗಡಿನ ಶೆಡ್ಡಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ ಇರುತ್ತದೆ. ಪ್ರತಿ ಡಿಗ್ರಿ ಹೆಚ್ಚಳಕ್ಕೆ ಚಾರ್ಜಿಂಗ್ ವೋಲ್ಟೇಜನ್ನು ಸುಮಾರು 0.02ರಿಂದ 0.03ರಷ್ಟು ಇಳಿಸಬೇಕು; ಒಳ್ಳೆಯ ಚಾರ್ಜರ್‌ಗಳು ಉಷ್ಣತೆಯನ್ನು ಅಳೆದು ತಾವೇ ಇದನ್ನು ಮಾಡುತ್ತವೆ. ಅಂತಹದ್ದು ಇಲ್ಲದಿದ್ದರೆ ಮಧ್ಯಾಹ್ನದ ಬದಲು ಸಂಜೆಯ ಮೇಲೆ ಅಥವಾ ಬೆಳಗಿನ ತಂಪಿನಲ್ಲಿ, ಮರದ ನೆರಳಿನಲ್ಲಿ ಚಾರ್ಜ್ ಮಾಡಿ. ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾದ ಬ್ಯಾಟರಿಯ ಚಾರ್ಜಿಂಗನ್ನು ತಕ್ಷಣ ನಿಲ್ಲಿಸಬೇಕು.

ಪ್ರಶ್ನೆ: ದೋಣಿಯ ಮೇಲೆ ಸೌರ ಫಲಕ ಹಾಕಿದರೆ ಚಾರ್ಜರಿನ ಗೊಡವೆ ತಪ್ಪುತ್ತದೆಯೇ?

ದೀಪಗಳಿಗೆ ಮಾತ್ರವಾದರೆ ಬಹುಮಟ್ಟಿಗೆ ತಪ್ಪುತ್ತದೆ. 100 ವ್ಯಾಟಿನ ಫಲಕ ನೆತ್ತಿಯ ಬಿಸಿಲಿನಲ್ಲಿ 5 ಆಂಪಿಯರ್ ಆಸುಪಾಸು ಕೊಡುತ್ತದೆ. ಒಳ್ಳೆಯ ಬಿಸಿಲಿನ ದಿನ ಒಟ್ಟು 20ರಿಂದ 25 ಆಂಪಿಯರ್-ಗಂಟೆ ಸಿಗಬಹುದು. ಮೋಡದ ದಿನಗಳಲ್ಲಿ ಅದರ ಅರ್ಧವೂ ಸಿಗುವುದಿಲ್ಲ. ಫಲಕದಿಂದ ಬರುವ ಚಾರ್ಜನ್ನು ನಿಯಂತ್ರಿಸುವ ಚಾರ್ಜ್ ಕಂಟ್ರೋಲರ್ ಇಲ್ಲದೆ ಫಲಕವನ್ನು ನೇರವಾಗಿ ಬ್ಯಾಟರಿಗೆ ಜೋಡಿಸಬಾರದು. ಜೋಡಿಸುವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿಯನ್ನು, ನಂತರ ಫಲಕವನ್ನು ಸೇರಿಸಬೇಕು. ಬಿಚ್ಚುವಾಗ ಫಲಕ ಮೊದಲು. ಫಲಕದ ಮೂಲೆಯ ಮೇಲೆ ಬಲೆಯನ್ನು ಒಣಗಲು ಹರವಿದರೆ ಆ ಮೂಲೆಯಷ್ಟೇ ಅಲ್ಲ, ಫಲಕದ ದೊಡ್ಡ ಭಾಗವೇ ಕೆಲಸ ನಿಲ್ಲಿಸುತ್ತದೆ.

ಪ್ರಶ್ನೆ: ಬ್ಯಾಟರಿಗೆ ಬೋರ್‌ವೆಲ್ ನೀರು ಅಥವಾ ಆರ್‌ಒ ನೀರು ಹಾಕಬಹುದೇ?

ಬೇಡ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಬೋರ್‌ವೆಲ್ ನೀರಿನ ಗಡಸುತನ ಪಾತ್ರೆಯ ತಳದಲ್ಲಿ ಬಿಳಿಯ ಕರೆಯಾಗಿ ಎಲ್ಲರ ಮನೆಯಲ್ಲೂ ಕಾಣುತ್ತದೆ; ಆ ಲವಣಗಳೂ ಕಬ್ಬಿಣದ ಅಂಶವೂ ಬ್ಯಾಟರಿಯೊಳಗೆ ಹೋದರೆ ಚಾರ್ಜ್ ತಾನಾಗಿ ಸೋರಿಹೋಗುತ್ತದೆ. ಆರ್‌ಒ ನೀರಿನಲ್ಲಿ ಲವಣ ಕಡಿಮೆ ಇರುತ್ತದೆಯೇ ಹೊರತು ಇಲ್ಲವೇ ಇಲ್ಲ ಎನ್ನುವಂತಿಲ್ಲ.

ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ, ಮಟ್ಟ ನೋಡಬೇಕು. ಪ್ಲೇಟುಗಳು ಗಾಳಿಗೆ ತೆರೆದುಕೊಂಡಿದ್ದರೆ ಅವು ಮುಳುಗುವಷ್ಟು ಮಾತ್ರ ನೀರು ಹಾಕಿ ಚಾರ್ಜ್ ಮಾಡಿ, ಚಾರ್ಜ್ ಪೂರ್ತಿಯಾದ ಮೇಲೆ ಗುರುತಿನವರೆಗೆ ತುಂಬಿಸಬೇಕು. ಚಾರ್ಜ್ ಆಗುವಾಗ ದ್ರವ ಉಬ್ಬುವುದರಿಂದ ಮೊದಲೇ ತುಂಬಿಸಿದರೆ ಆಸಿಡ್ ಉಕ್ಕಿ ಚೆಲ್ಲುತ್ತದೆ. ಶಕ್ತಿ ಕುಂದಿದೆ ಎಂದು ಆಸಿಡ್ ಹಾಕುವ ಪದ್ಧತಿ ತಪ್ಪು: ಆವಿಯಾಗುವುದು ನೀರು, ಆಸಿಡ್ ಅಲ್ಲ.

ಪ್ರಶ್ನೆ: ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟುತ್ತದೆ. ಏನು ಮಾಡಬೇಕು? ವೈರಿಂಗ್ ಹೇಗಿರಬೇಕು?

ಮೊದಲು ನೆಗೆಟಿವ್ ತಂತಿಯನ್ನು, ಆಮೇಲೆ ಪಾಸಿಟಿವ್ ತಂತಿಯನ್ನು ಬಿಚ್ಚಿ. ಬಿಸಿನೀರಿನಲ್ಲಿ ಅಡುಗೆ ಸೋಡಾ ಕದಡಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒರೆಸಿ ಒಣಗಿಸಿ. ಸೋಡಾ ನೀರು ಸೆಲ್‌ಗಳೊಳಗೆ ಹೋಗದಂತೆ ಮುಚ್ಚಳಗಳು ಬಿಗಿಯಾಗಿರಲಿ. ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ ಬಿಗಿದು, ಮೇಲೆ ವ್ಯಾಸಲೀನ್ ಸವರಿ.

ಮನೆಯ ವೈರಿಂಗಿನಲ್ಲಿ ಉಳಿದ ತುಂಡುಗಳನ್ನು ಮೋಟಾರಿಗೆ ಎಳೆಯುವುದು ಅಪಾಯ. 30 ಆಂಪಿಯರಿನ ಮೋಟಾರಿಗೆ 10 ಚದರ ಮಿಲಿಮೀಟರ್, 50 ಆಂಪಿಯರಿನದಕ್ಕೆ 16 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಬೇಕು. ಪಾಸಿಟಿವ್ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು, ಏಕೆಂದರೆ ಫ್ಯೂಸಿನ ಹಿಂದಿರುವ ತಂತಿಯನ್ನು ಯಾವುದೂ ಕಾಯುವುದಿಲ್ಲ.

ಪ್ರಶ್ನೆ: ಬ್ಯಾಟರಿಯನ್ನು ದೋಣಿಯಲ್ಲಿ ಎಲ್ಲಿ, ಹೇಗೆ ಇಡಬೇಕು?

ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಪಟ್ಟಿಯಿಂದ ಬಿಗಿದು, ದೋಣಿಯ ನಡುವಿನ ತಗ್ಗಿನಲ್ಲಿ, ತಳದಲ್ಲಿ ನಿಲ್ಲುವ ನೀರು ತಾಗದಂತೆ ಇಡಬೇಕು. ಪೆಟ್ಟಿಗೆಯ ಮೇಲ್ಭಾಗದಲ್ಲಿ ಗಾಳಿಯಾಡಲು ರಂಧ್ರಗಳಿರಲಿ. ಚಾರ್ಜ್ ಆಗುವಾಗ ಬರುವ ಹೈಡ್ರೋಜನ್ ಗಾಳಿಯಲ್ಲಿ ಶೇಕಡಾ 4ರಷ್ಟು ಸೇರಿದರೂ ಕಿಡಿ ತಾಗಿದಾಗ ಸಿಡಿಯಬಲ್ಲದು. ಚಾರ್ಜಿಂಗ್ ಜಾಗದ ಹತ್ತಿರ ಬೀಡಿ ಹಚ್ಚುವುದು, ಕ್ಲಿಪ್ಪುಗಳನ್ನು ಕರೆಂಟು ಇರುವಾಗಲೇ ಕೀಳುವುದು, ಪೆಟ್ರೋಲ್ ಕ್ಯಾನನ್ನು ಪಕ್ಕದಲ್ಲಿಡುವುದು ಸಲ್ಲದು.

ಪ್ರಶ್ನೆ: ಆಸಿಡ್ ಮೈಮೇಲೆ ಬಿದ್ದರೆ?

ತಕ್ಷಣ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಿರಿ, ಆಸಿಡ್ ತಾಗಿದ ಬಟ್ಟೆ ತೆಗೆಯಿರಿ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಡುಗೆ ಸೋಡಾ ನೆಲಕ್ಕೆ ಚೆಲ್ಲಿದ ಆಸಿಡ್ಡಿಗೆ ಸರಿ, ಚರ್ಮಕ್ಕೂ ಕಣ್ಣಿಗೂ ಹಾಕಬಾರದು.

ಪ್ರಶ್ನೆ: ಮಳೆಗಾಲದಲ್ಲಿ ದೋಣಿ ಇಳಿಸುವುದಿಲ್ಲ. ಬ್ಯಾಟರಿಯನ್ನು ಹೇಗೆ ಎತ್ತಿಡಬೇಕು?

ಪೂರ್ತಿ ಚಾರ್ಜ್ ಮಾಡಿ, ಎರಡೂ ತಂತಿಗಳನ್ನು ಬಿಚ್ಚಿ, ಮೇಲ್ಮೈಯನ್ನು ಒರೆಸಿ, ಒಣಗಿದ ತಂಪು ಜಾಗದಲ್ಲಿ ಇಡಬೇಕು. ಸುಮ್ಮನಿದ್ದರೂ ಬ್ಯಾಟರಿ ಖಾಲಿಯಾಗುತ್ತದೆ, ಮತ್ತು ಉಷ್ಣತೆ 10 ಡಿಗ್ರಿ ಏರಿದರೆ ಆ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆ. ಆದುದರಿಂದ ತಿಂಗಳಿಗೊಮ್ಮೆ ಅಳೆದು, 12.4ಕ್ಕೆ ಇಳಿದಿದ್ದರೆ ಮತ್ತೆ ತುಂಬಿಸಬೇಕು. ಜೂನಿನಲ್ಲಿ ಅರ್ಧ ಖಾಲಿಯಾಗಿ ಮೂಲೆಗಿಟ್ಟ ಬ್ಯಾಟರಿ ಸೆಪ್ಟೆಂಬರಿನಲ್ಲಿ ಏಳದಿದ್ದರೆ ತಯಾರಕರನ್ನು ದೂರಿ ಪ್ರಯೋಜನವಿಲ್ಲ. ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ ಎಂಬ ಮಾತು ಈಗಿನ ಪ್ಲಾಸ್ಟಿಕ್ ಕವಚದ ಬ್ಯಾಟರಿಗಳಿಗೆ ಅನ್ವಯಿಸುವುದಿಲ್ಲ. ಹಲಗೆಯ ಮೇಲಿಟ್ಟರೆ ನಷ್ಟವೂ ಇಲ್ಲ.

ಪ್ರಶ್ನೆ: ಲಿಥಿಯಂ ಬ್ಯಾಟರಿಗೆ ಬದಲಾಯಿಸುವುದು ಲಾಭವೇ?

ದೋಣಿಗಳಿಗೆ ಬಳಸುವುದು ಲಿಥಿಯಂ ಐರನ್ ಫಾಸ್ಫೇಟ್ ಬಗೆ. 100 ಆಂಪಿಯರ್-ಗಂಟೆಯದು ಲೆಡ್-ಆಸಿಡ್ಡಿನ ಅರ್ಧದಷ್ಟೇ ತೂಗುತ್ತದೆ, ಶೇಕಡಾ 80ರವರೆಗೆ ಖಾಲಿ ಮಾಡಿದರೂ ಸಾವಿರಾರು ಸಲ ಚಾರ್ಜಾಗಬಲ್ಲದು, ಅರ್ಧ ಚಾರ್ಜಿನಲ್ಲಿ ಬಿಟ್ಟರೆ ಸಲ್ಫೇಟಿನ ಭಯವಿಲ್ಲ. ಬೆಲೆ ಮಾತ್ರ ಬಹಳ ಹೆಚ್ಚು. ದಿನವೂ ಎಲೆಕ್ಟ್ರಿಕ್ ಮೋಟಾರ್ ಓಡಿಸುವವರಿಗೆ ಇದು ಕೆಲವು ವರ್ಷಗಳಲ್ಲಿ ಲಾಭವಾಗಬಹುದು. ಎರಡು ದೀಪ ಉರಿಸುವವರಿಗೆ ಈ ಖರ್ಚು ಅನಗತ್ಯ. ಇದಕ್ಕೆ 14.2ರಿಂದ 14.6 ವೋಲ್ಟಿನ, ಇದಕ್ಕೆಂದೇ ಇರುವ ಚಾರ್ಜರ್ ಬೇಕು. ಹಳೆಯ ಚಾರ್ಜರಿನ ಈಕ್ವಲೈಜಿಂಗ್ ಹಂತ ಇದನ್ನು ಕೆಡಿಸಬಹುದು. ಎತ್ತಿಡುವಾಗಲೂ ನಿಯಮ ಬೇರೆ: ಪೂರ್ತಿ ತುಂಬಿಸದೆ ಅರ್ಧ ಚಾರ್ಜಿನಲ್ಲಿ ಇಡಬೇಕು.

ಪ್ರಶ್ನೆ: ಹಳೆಯ ಬ್ಯಾಟರಿಯ ಜೊತೆಗೆ ಹೊಸದೊಂದನ್ನು ಜೋಡಿಸಬಹುದೇ?

ಜೋಡಿಸಬಾರದು. ಹಳೆಯದು ಹೊಸದನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ. 24 ವೋಲ್ಟಿಗಾಗಿ ಸೀರೀಸಿನಲ್ಲಾಗಲಿ, ಹೆಚ್ಚು ಹೊತ್ತಿಗಾಗಿ ಪ್ಯಾರಲಲ್ಲಿನಲ್ಲಾಗಲಿ, ಒಂದೇ ಬಗೆಯ, ಒಂದೇ ಅಳತೆಯ, ಒಟ್ಟಿಗೆ ಕೊಂಡ ಬ್ಯಾಟರಿಗಳನ್ನೇ ಬಳಸಬೇಕು.

ಪ್ರಶ್ನೆ: ಬ್ಯಾಟರಿ ಮತ್ತು ಇನ್ವರ್ಟರ್ ಸೇರಿಸಿ ನೀರಿಗೆ ಕರೆಂಟು ಬಿಟ್ಟು ಮೀನು ಹಿಡಿಯುವವರಿದ್ದಾರೆ. ಅದಕ್ಕೆ ಯಾವ ಬ್ಯಾಟರಿ ಸೂಕ್ತ?

ಯಾವುದೂ ಅಲ್ಲ. ಅದು ಹಿಡಿಯುವವನ ಪ್ರಾಣವನ್ನೂ, ಅಕ್ಕಪಕ್ಕದ ನೀರಿನಲ್ಲಿ ಇಳಿದವರ ಪ್ರಾಣವನ್ನೂ ತೆಗೆಯಬಲ್ಲದು. ಮರಿಮೀನುಗಳನ್ನು ಗುಂಪುಗುಂಪಾಗಿ ಕೊಲ್ಲುತ್ತದೆ. ಈ ಬಗ್ಗೆ ಇಲ್ಲಿ ಯಾವ ಸಲಹೆಯನ್ನೂ ಕೊಡುವುದಿಲ್ಲ.

ಪ್ರಶ್ನೆ: ಕೆಟ್ಟ ಬ್ಯಾಟರಿಯನ್ನು ಏನು ಮಾಡಬೇಕು?

ಆಸಿಡ್ಡನ್ನು ಕೆರೆಗೋ ನಾಲೆಗೋ ಸುರಿದು, ಸೀಸವನ್ನು ಮನೆಯ ಹಿತ್ತಲಿನಲ್ಲಿ ಬಿಚ್ಚಿ ಮಾರುವುದು ಅತಿ ಕೆಟ್ಟ ದಾರಿ. ಸೀಸದ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ, ಮತ್ತು ಆ ನೀರಿನ ಮೀನನ್ನೇ ನಾಳೆ ಮಾರಬೇಕಾದವರು ನಾವು. ಕೇಂದ್ರ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆ ತಯಾರಕರದು. ಹೊಸದನ್ನು ಕೊಳ್ಳುವ ಅಂಗಡಿಗೇ ಹಳೆಯದನ್ನು ಒಯ್ದರೆ ತೂಕದ ಲೆಕ್ಕದಲ್ಲಿ ಬೆಲೆ ಮುರಿದುಕೊಳ್ಳುತ್ತಾರೆ. ಆಸಿಡ್ ಸಮೇತ, ನೆಟ್ಟಗೆ ನಿಲ್ಲಿಸಿ ಒಯ್ಯಿರಿ, ಮುರಿದುಕೊಂಡ ಮೊತ್ತವನ್ನು ಹೊಸ ಬ್ಯಾಟರಿಯ ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಕೊಂಡ ದಿನಾಂಕವನ್ನು ಬ್ಯಾಟರಿಯ ಮೇಲೆಯೇ ಮಾರ್ಕರ್ ಪೆನ್ನಿನಿಂದ ಗುರುತು ಹಾಕಿಡಿ.